ತಟ್ಟೆಯ ತಳ ತೋರಿಸಿ ಎಂದು ಕೇಳಿ: ಮೆಕ್ಸಿಕೋದ ತಲವೇರಾ ಸಾಮಾನುಗಳೊಂದಿಗೆ ಒಂದು ವರ್ಷ

ಕಳೆದ ವರ್ಷ ಯುಗಾದಿಗೆ ಮುನ್ನ ಚಿಕ್ಕಮಗಳೂರಿನ ನಮ್ಮ ಮನೆಯ ನಡುಮನೆಗೆ ಸುಣ್ಣ ಹೊಡೆಸಿದಾಗ, ಬರಿದಾಗಿ ಕಾಣುತ್ತಿದ್ದ ಗೋಡೆಗೆ ಏನನ್ನಾದರೂ ತರಬೇಕೆಂದು ಹೊರಟವಳು, ಹೊರದೇಶದ ಅಲಂಕಾರ ವಸ್ತುಗಳನ್ನು ತರಿಸಿಕೊಡುವ ಒಂದು ಅಂಗಡಿಯ ಮೂಲಕ ಮೆಕ್ಸಿಕೋದಲ್ಲಿ ಕೈಯಿಂದ ಮಾಡಿದ ಐದು ಬಗೆಯ ಮಣ್ಣಿನ ಸಾಮಾನುಗಳನ್ನು ಕೊಂಡೆ. ಗೋಡೆಗೆ ತೂಗುಹಾಕುವ ದೊಡ್ಡ ತಟ್ಟೆ, ಮುಚ್ಚಳವಿರುವ ಜಾಡಿ, ಕೈ ತೊಳೆಯುವ ಜಾಗದ ಗೋಡೆಗೆಂದು ಮೂವತ್ತು ಟೈಲ್ಸ್, ಜಗಲಿಗೆ ಒಂದು ಹೂಕುಂಡ ಮತ್ತು ಹೊಳೆಯುವ ಕರಿ ಬಣ್ಣದ ಹೂದಾನಿ. ಅಂಗಡಿಯವರು ಐದಕ್ಕೂ ‘ತಲವೇರಾ’ ಎಂಬ ಒಂದೇ ಹೆಸರು ಹೇಳಿದರು. ಒಂದು ಪೂರ್ತಿ ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಅವುಗಳೊಂದಿಗೆ ಕಳೆದ ಮೇಲೆ, ಓದಿ ತಿಳಿದುಕೊಂಡ ಮೇಲೆ, ಆ ಹೆಸರು ಐದರಲ್ಲಿ ಎರಡಕ್ಕೆ ಮಾತ್ರ ಸಲ್ಲುತ್ತದೆ ಎಂದು ಗೊತ್ತಾಗಿದೆ. ಇಂಥ ಸಾಮಾನುಗಳು ಈಗ ನಮ್ಮ ಭಾಗದ ಹೋಂಸ್ಟೇಗಳಲ್ಲಿಯೂ ಹೊಸ ಮನೆಗಳಲ್ಲಿಯೂ ಅಲ್ಲಲ್ಲಿ ಕಾಣಿಸುತ್ತಿರುವುದರಿಂದ, ಕೊಳ್ಳುವ ಮೊದಲು ನನಗೆ ತಿಳಿದಿರಬೇಕಾಗಿದ್ದ ಸಂಗತಿಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ತಟ್ಟೆಯ ವಿಚಾರ, ಏಕೆಂದರೆ ಐದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ. ಅಡ್ಡಳತೆ ಹದಿನೈದು ಇಂಚು. ಕಟ್ಟು ಬಿಚ್ಚಿದ ಕೂಡಲೇ ಕಣ್ಣಿಗೆ ಬಿದ್ದದ್ದು ಅದರ ಬಿಳುಪು. ಅದು ನಮ್ಮ ಚಹಾ ಕಪ್ಪುಗಳ ಕಡುಬಿಳುಪಲ್ಲ, ಹಾಲಿಗೆ ಒಂದು ತೊಟ್ಟು ಡಿಕಾಕ್ಷನ್ ಬಿದ್ದಾಗ ಬರುವಂಥ ಮೆದುವಾದ ಬಿಳುಪು. ಅದರ ಮೇಲೆ ನೀಲಿಯಲ್ಲಿ ಬಳ್ಳಿ, ಹೂವು ಮತ್ತು ನಡುವೆ ಒಂದು ಹಕ್ಕಿ. ಬೆರಳ ತುದಿಯನ್ನು ಮೆಲ್ಲನೆ ಸವರಿದರೆ ನೀಲಿ ಗೆರೆಗಳು ಹಿನ್ನೆಲೆಯಿಂದ ಕೂದಲೆಳೆಯಷ್ಟು ಮೇಲೆದ್ದಿರುವುದು ಗೊತ್ತಾಗುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಗ್ಲೇಜಿನ, ಎಂದರೆ ಮಣ್ಣಿನ ಮೇಲಿನ ಗಾಜಿನಂಥ ಲೇಪದ, ತುಂಬ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಕಾಣುತ್ತವೆ. ತಟ್ಟೆ ಒಡೆಯುತ್ತಿದೆಯೆಂದು ಮೊದಲ ದಿನ ನಾನು ಗಾಬರಿಯಾದದ್ದುಂಟು. ಆದರೆ ಒಳಗಿನ ಮಣ್ಣೂ ಹೊರಗಿನ ಗ್ಲೇಜೂ ಆರುವಾಗ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಈ ಬಗೆಯ ಸಾಮಾನಿನಲ್ಲಿ ಹೀಗಾಗುವುದು ಸಹಜ, ಮತ್ತು ಕೈಕೆಲಸದ ತಲವೇರಾವನ್ನು ಬಲ್ಲವರು ಇದನ್ನು ಕುಂದೆಂದು ಎಣಿಸುವುದಿಲ್ಲ.

ತಲವೇರಾ ಎಂಬುದು ಮೂಲದಲ್ಲಿ ಸ್ಪೇನಿನ ತಲವೇರಾ ದೆ ಲಾ ರೇನಾ ಎಂಬ ಊರಿನ ಹೆಸರು. 1531ರಲ್ಲಿ ಸ್ಪೇನಿನವರು ಮೆಕ್ಸಿಕೋದಲ್ಲಿ ಪ್ವೆಬ್ಲಾ ನಗರವನ್ನು ಕಟ್ಟಿದ ಮೇಲೆ, ಅದೇ ಶತಮಾನದಲ್ಲಿ ತವರದ ಗ್ಲೇಜು ಹಾಕುವ ವಿದ್ಯೆಯೂ ತಿಗರಿಯೂ ಅವರೊಂದಿಗೆ ಅಲ್ಲಿಗೆ ಹೋದವು. ಮಣ್ಣಿನ ಕೆಲಸ ಆ ನೆಲದ ಜನರಿಗೆ ಹೊಸದೇನೂ ಆಗಿರಲಿಲ್ಲ; ಸಾವಿರಾರು ವರ್ಷಗಳಿಂದ ಅವರು ತಿಗರಿಯಿಲ್ಲದೆಯೇ ಕೈಯಿಂದ ಸೊಗಸಾದ ಪಾತ್ರೆಗಳನ್ನು ಕಟ್ಟುತ್ತಿದ್ದರು. 1653ರಲ್ಲಿ ಪ್ವೆಬ್ಲಾದ ಕುಶಲಕರ್ಮಿಗಳ ಸಂಘಕ್ಕೆ ಕಟ್ಟುಪಾಡುಗಳಾದವು. ಯಾವುದು ನಯದ ಸಾಮಾನು, ಯಾವುದು ಸಾಧಾರಣದ್ದು ಎಂಬ ದರ್ಜೆಗಳು ಗೊತ್ತಾದವು. ತಯಾರಿಸಿದವರು ತಮ್ಮ ಗುರುತನ್ನು ಹಾಕಬೇಕೆಂಬ ನಿಯಮವೂ ಬಂತು. ಮನಿಲಾದಿಂದ ಅಕಪುಲ್ಕೊ ಬಂದರಿಗೆ ಹಡಗುಗಳಲ್ಲಿ ಚೀನಾದ ನೀಲಿ-ಬಿಳಿ ಪಿಂಗಾಣಿ ಬರುತ್ತಿದ್ದ ಕಾಲವದು. ನಯದ ಸಾಮಾನುಗಳಲ್ಲಿ ಅದನ್ನೇ ಹೋಲುವ ನೀಲಿ ಚಿತ್ರಗಳು ಮೂಡಿದವು. ಕೋಬಾಲ್ಟಿನಿಂದ ಬರುವ ಆ ನೀಲಿ ಬಹಳ ದುಬಾರಿಯಾದ್ದರಿಂದ ಉತ್ತಮ ದರ್ಜೆಯವಕ್ಕೆ ಮೀಸಲಾಗಿತ್ತು. ನನ್ನ ತಟ್ಟೆಯ ಮೇಲಿನ ಹಕ್ಕಿಯ ಕೊಕ್ಕಿನಲ್ಲಿ ಚೀನಾದ ಕೊಕ್ಕರೆಯ ನೆರಳೂ, ಸುತ್ತಲಿನ ಬಳ್ಳಿಯ ತಿರುವಿನಲ್ಲಿ ಅರಬ್ಬರಿಂದ ಸ್ಪೇನಿಗೆ ಬಂದ ಚಿತ್ತಾರದ ನೆರಳೂ ಕಾಣುವುದು ಈ ಕಾರಣಕ್ಕೆ.

ತಯಾರಿಸುವ ಕ್ರಮವನ್ನು ತಿಳಿದರೆ ಬೆಲೆಯೂ ಅರ್ಥವಾಗುತ್ತದೆ. ಪ್ವೆಬ್ಲಾದ ಲೊರೆತೊ ಗುಡ್ಡದ ಕಡೆಯ ಕರಿ ಜೇಡಿಮಣ್ಣನ್ನೂ ತೊತಿಮೆವಾಕಾನ್ ಕಡೆಯ ತಿಳಿಬಣ್ಣದ ಮಣ್ಣನ್ನೂ ಬೆರೆಸಿ, ಸೋಸಿ, ನೀರಿನಲ್ಲಿ ನೆನೆಹಾಕಿ, ಕಾಲಿನಿಂದ ತುಳಿದು ಹದ ಮಾಡುತ್ತಾರೆ. ತಿಗರಿಯ ಮೇಲೆ ಅಥವಾ ಅಚ್ಚಿನಲ್ಲಿ ಆಕಾರ ಕೊಟ್ಟ ಸಾಮಾನನ್ನು ನೆರಳಿನಲ್ಲಿ ವಾರಗಟ್ಟಲೆ ಆರಿಸಿ, ಸುಮಾರು 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೊದಲ ಬಾರಿ ಸುಡುತ್ತಾರೆ. ಸುಟ್ಟು ತೆಗೆದ ಮೇಲೆ ಒಂದೊಂದನ್ನೂ ಬೆರಳಿನಿಂದ ತಟ್ಟಿ, ಗಂಟೆಯಂಥ ನಾದ ಬಂದರೆ ಮಾತ್ರ ಮುಂದಿನ ಕೆಲಸಕ್ಕೆ ಎತ್ತಿಕೊಳ್ಳುತ್ತಾರೆ. ನಮ್ಮ ಸಂತೆಯಲ್ಲಿ ಮಡಕೆ ಕೊಳ್ಳುವವರು ಇಂದಿಗೂ ಮಾಡುವುದು ಇದನ್ನೇ. ಬಳಿಕ ತವರ ಮತ್ತು ಸೀಸದ ಗ್ಲೇಜಿನಲ್ಲಿ ಅದ್ದುತ್ತಾರೆ. ಸುಟ್ಟು ಕೆಂಪಾದ ಮಣ್ಣಿನ ಬಣ್ಣವನ್ನು ಮುಚ್ಚಿ ಆ ಬಿಳುಪನ್ನು ಕೊಡುವುದು ತವರ. ಚಿತ್ರದ ರೇಖೆಗಳ ಉದ್ದಕ್ಕೂ ತೂತು ಚುಚ್ಚಿದ ಕಾಗದವನ್ನಿಟ್ಟು, ನಾವು ರಂಗೋಲಿ ಅಚ್ಚಿನಿಂದ ಹುಡಿ ಉದುರಿಸುವಂತೆ, ಇದ್ದಿಲಿನ ಪುಡಿಯನ್ನು ಬಡಿದು ಗುರುತು ಮಾಡಿಕೊಳ್ಳುತ್ತಾರೆ. ಅದರ ಮೇಲೆ ಪ್ರಾಣಿಗಳ ಕೂದಲಿನ ಕುಂಚದಿಂದ ಬಣ್ಣ ತುಂಬುತ್ತಾರೆ. ಒಣಗಿದ, ಇನ್ನೂ ಸುಡದ ಗ್ಲೇಜು ಬಣ್ಣವನ್ನು ಕ್ಷಣದಲ್ಲಿ ಹೀರಿಬಿಡುವುದರಿಂದ ತಪ್ಪಿದ ಗೆರೆಯನ್ನು ಒರೆಸಿ ತಿದ್ದುವ ಅವಕಾಶವಿಲ್ಲ. ಕೊನೆಗೆ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಎರಡನೆಯ ಬಾರಿ ಸುಡುತ್ತಾರೆ. ನನ್ನ ತಟ್ಟೆಯ ಅಂಚಿನ ಬಳ್ಳಿಯಲ್ಲಿ ಒಂದು ಎಲೆ ಉಳಿದವಕ್ಕಿಂತ ದಪ್ಪಗಿದೆ, ಕುಂಚ ಅಲ್ಲಿ ಅರೆಗಳಿಗೆ ಹೆಚ್ಚು ನಿಂತಿದೆ. ದಿನವೂ ಕಾಫಿ ಕುಡಿಯುತ್ತ ಆ ಎಲೆಯನ್ನು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಇನ್ನು ತಳ. ತಟ್ಟೆಯನ್ನು ಮಗುಚಿದರೆ ಗ್ಲೇಜು ಹತ್ತದ ಪಾದದ ಸುತ್ತು ನಸುಗೆಂಪಿನ ಮಣ್ಣನ್ನು ತೋರಿಸುತ್ತದೆ. ಅದರೊಳಗೆ ಕಾರ್ಖಾನೆಯ ಗುರುತು, ಊರಿನ ಹೆಸರು, ಚಿತ್ರ ಬರೆದವರ ಮೊದಲಕ್ಷರಗಳು ಮತ್ತು ಒಂದು ಸಂಖ್ಯೆ ಇವೆ. ಮೆಕ್ಸಿಕೋ ಸರ್ಕಾರ 1990ರ ದಶಕದಲ್ಲಿ ತಲವೇರಾ ಎಂಬ ಹೆಸರಿಗೆ ಮೂಲಸ್ಥಾನದ ರಕ್ಷಣೆ ಕೊಟ್ಟಿತು. ಪ್ವೆಬ್ಲಾ ರಾಜ್ಯದ ಪ್ವೆಬ್ಲಾ, ಚೊಲುಲಾ, ಅತ್ಲಿಸ್ಕೊ, ತೆಕಾಲಿ ಪ್ರದೇಶಗಳಲ್ಲಿ ಮತ್ತು ತ್ಲಾಸ್ಕಾಲಾ ರಾಜ್ಯದ ಸಾನ್ ಪಾಬ್ಲೊ ದೆಲ್ ಮೊಂತೆಯಲ್ಲಿ, ಗೊತ್ತುಪಡಿಸಿದ ಮಣ್ಣು ಮತ್ತು ಕ್ರಮದಿಂದ ತಯಾರಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾದದ್ದಕ್ಕೆ ಮಾತ್ರ ಆ ಹೆಸರು. ನೀಲಿ, ಹಳದಿ, ಕಪ್ಪು, ಹಸಿರು, ಕಿತ್ತಳೆ ಮತ್ತು ನಸುನೇರಳೆ ಎಂಬ ಆರು ಬಣ್ಣಗಳಷ್ಟೇ ಅದಕ್ಕೆ ಸಲ್ಲುತ್ತವೆ. 2019ರಲ್ಲಿ ಯುನೆಸ್ಕೋ ಈ ಕಸುಬನ್ನು ಸ್ಪೇನಿನ ಅದರ ಮೂಲ ಕಸುಬಿನೊಂದಿಗೆ ಸೇರಿಸಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಭೌಗೋಳಿಕ ಗುರುತು ಸಿಕ್ಕಿದ್ದು ಅದೇ 2019ರಲ್ಲಿ. ಹೀಗಾಗಿ ಊರಿನ ಹೆಸರಿಗೆ ಇರುವ ಬೆಲೆ ಏನೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಲೂರಿನ ದೇವಾಲಯದಲ್ಲಿ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಮೂರ್ತಿಗಳ ಅಡಿಯಲ್ಲಿ ಹೆಸರು ಕೆತ್ತಿರುವುದನ್ನು ಬಾಲ್ಯದಿಂದ ನೋಡುತ್ತ ಬಂದವಳಿಗೆ, ಎಲ್ಲಿಯೋ ಕುಳಿತು ಕುಂಚ ಹಿಡಿದ ವ್ಯಕ್ತಿಯ ಎರಡು ಅಕ್ಷರಗಳನ್ನು ತಟ್ಟೆಯ ತಳದಲ್ಲಿ ಕಂಡಾಗ ಆದ ಸಂತೋಷ ಸಣ್ಣದಲ್ಲ.

ಜಾಡಿಗೂ ಇಂಥದೇ ಗುರುತುಗಳಿವೆ. ಭುಜ ಅಗಲವಾಗಿ ಬುಡ ಕಿರಿದಾದ ಈ ಆಕಾರವೂ ಚೀನಾದಿಂದ ಹೋದದ್ದೇ. ಹಳದಿ, ಹಸಿರು ಸೇರಿ ಬಣ್ಣ ಹೆಚ್ಚಾಗಿರುವುದರಿಂದ ತಟ್ಟೆಯಷ್ಟು ಗಂಭೀರವಾಗಿ ಕಾಣುವುದಿಲ್ಲ. ಮುಚ್ಚಳ ಸ್ವಲ್ಪ ಅಲುಗಾಡುತ್ತದೆ. ನಮ್ಮ ಅಜ್ಜಿಯ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿಟ್ಟು ಎರಡನ್ನೂ ತಟ್ಟಿ ನೋಡಿದೆ: ಅಜ್ಜಿಯದು ಹೆಚ್ಚಿನ ಶಾಖದಲ್ಲಿ ಸುಟ್ಟು ಕಲ್ಲಿನಂತಾದ ಮಣ್ಣು, ಹೀಗಾಗಿ ವರ್ಷಗಟ್ಟಲೆ ಉಪ್ಪುಹುಳಿಯನ್ನು ತಡೆಯಬಲ್ಲದು; ಮೆಕ್ಸಿಕೋದ್ದು ಒಳಗೆ ಇನ್ನೂ ನೀರು ಹೀರುವ ಮಣ್ಣೇ, ಹೊರಗಿನ ಗ್ಲೇಜೊಂದೇ ಅದಕ್ಕೆ ಕಾವಲು. ಅಂಗಡಿಗಳಲ್ಲಿ ಎರಡನ್ನೂ ಪಿಂಗಾಣಿ ಎಂದೇ ಕರೆದರೂ ಬಳಕೆಯಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು, ಮುಂದಿನ ನನ್ನ ತೊಂದರೆಗಳೆಲ್ಲ ಬಂದದ್ದೂ ಇದನ್ನು ತಿಳಿಯದೆ ಇದ್ದುದರಿಂದಲೇ.

ಅವುಗಳಲ್ಲಿ ಮೊದಲನೆಯದು ಹೂಕುಂಡ. ಹೊರಗೆ ಹಳದಿ ಸೂರ್ಯಕಾಂತಿ ಮತ್ತು ಕಡುನೀಲಿಯ ಚಿತ್ತಾರ, ಒಳಗೆ ಗ್ಲೇಜಿಲ್ಲದ ಬರಿಮಣ್ಣು. ಅದರಲ್ಲಿ ಆಂಥೂರಿಯಂ ನೆಟ್ಟು ಜಗಲಿಯ ಅಂಚಿನಲ್ಲಿಟ್ಟೆ. ಜೂನ್‌ನಲ್ಲಿ ಹಿಡಿದ ಮಳೆ ನಮ್ಮಲ್ಲಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಬಟ್ಟೆಯೇ ಒಣಗದ ಆ ದಿನಗಳಲ್ಲಿ ಕುಂಡದ ಮಣ್ಣು ಒಮ್ಮೆಯೂ ಆರಲಿಲ್ಲ. ಒಳಗಿನಿಂದ ನೀರು ಕುಂಡದ ಗೋಡೆಯನ್ನು ಹೊಕ್ಕು, ಗ್ಲೇಜನ್ನು ದಾಟಲಾರದೆ ಅದರ ಹಿಂದೆ ನಿಂತಿತು. ಗಣಪತಿ ಹಬ್ಬ ಕಳೆದು ಬಿಸಿಲು ಬಂದಾಗ ಆ ನೀರು ಆರಿ, ಅದರಲ್ಲಿ ಕರಗಿದ್ದ ಲವಣ ಬಿಳಿ ಹುಡಿಯಾಗಿ ಹೊರಬಂದು, ಬಾಯಿಯ ಅಂಚಿನಲ್ಲಿ ಗ್ಲೇಜು ಉಗುರಿನಗಲದ ಚಕ್ಕೆಗಳಾಗಿ ಎದ್ದಿತು. ಆಗ ಕುಂಡವನ್ನು ಮಗುಚಿ ನೋಡಿದೆ. ಮೆಕ್ಸಿಕೋದಲ್ಲಿ ತಯಾರಾದದ್ದು ಎಂಬ ಮಾತು ಮತ್ತು ದೊಲೋರೆಸ್ ಇದಾಲ್ಗೊ ಎಂಬ ಊರಿನ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಅದು ಗ್ವಾನಾಹ್ವಾತೊ ರಾಜ್ಯದ ಊರು. ಅಲ್ಲಿ ಬಣ್ಣಬಣ್ಣದ ಗ್ಲೇಜಿನ ಸಾಮಾನು ಅಪಾರವಾಗಿ ತಯಾರಾಗುತ್ತದೆ, ಅಗ್ಗವಾಗಿಯೂ ಸಿಗುತ್ತದೆ, ಆದರೆ ಕಾನೂನಿನ ಪ್ರಕಾರ ಅದಕ್ಕೆ ತಲವೇರಾ ಎಂಬ ಹೆಸರಿಲ್ಲ. ಅಂಗಡಿಗೆ ಹೋಗಿ ಕೇಳಿದಾಗ, “ಎಲ್ಲವೂ ಮೆಕ್ಸಿಕೋದ್ದೇ ಅಲ್ಲವೇ ಮೇಡಂ, ಅದರಲ್ಲೇನು ವ್ಯತ್ಯಾಸ?” ಎಂಬ ಉತ್ತರ ಬಂತು. ಈ ಉತ್ತರದಿಂದ ನನಗೆ ನಿಜಕ್ಕೂ ನೋವಾಯಿತು. ಬೇರೆಲ್ಲಿಯದೋ ಬೀಜವನ್ನು ಬಾಬಾಬುಡನ್‌ಗಿರಿಯದೆಂದು ಮಾರಿ, ಎಲ್ಲವೂ ಕರ್ನಾಟಕದ್ದೇ ಅಲ್ಲವೇ ಎಂದರೆ ನಮ್ಮ ಬೆಳೆಗಾರರು ಒಪ್ಪುವರೇ? ಕುಂಡದ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ದೊಲೋರೆಸ್ ಇದಾಲ್ಗೊದ ಕುಶಲಿಗಳು ಅದನ್ನು ತಮ್ಮ ಊರಿನ ಹೆಸರಿನಲ್ಲೇ ಕಳಿಸಿದ್ದಾರೆ. ಹೆಸರು ಬದಲಾದದ್ದೂ ಅದಕ್ಕೆ ತಕ್ಕಂತೆ ಬೆಲೆ ಏರಿದ್ದೂ ಇಲ್ಲಿ. ಈಗ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಇದರೊಳಗೆ ಇಳಿಸಿ, ಮಳೆ ಎರಚದ ಒಳಜಗಲಿಗೆ ತಂದಿಟ್ಟ ಮೇಲೆ ಚಕ್ಕೆ ಏಳುವುದು ನಿಂತಿದೆ.

ಟೈಲ್ಸ್ ವಿಚಾರದಲ್ಲಿ ನನ್ನ ಅನುಭವ ಮಿಶ್ರವಾದದ್ದು. ನಾಲ್ಕಿಂಚಿನ ಚೌಕಗಳು, ಹಿಂಭಾಗದಲ್ಲಿ ದೇಶದ ಹೆಸರು ಮಾತ್ರ ಒತ್ತಿದೆ, ಹೀಗಾಗಿ ಇವನ್ನೂ ಪ್ರಮಾಣಿತ ತಲವೇರಾ ಎನ್ನಲಾರೆ. ಪ್ವೆಬ್ಲಾದ ಹಳೆಯ ಸಾಂತಾ ರೋಸಾ ಮಠದ ಅಡಿಗೆಮನೆ ಗೋಡೆಯಿಂದ ಚಾವಣಿಯವರೆಗೆ ಇಂಥ ಬಿಲ್ಲೆಗಳಿಂದಲೇ ತುಂಬಿದೆ, ಚೊಲುಲಾದ ಬಳಿಯ ಅಕತೆಪೆಕ್‌ನಲ್ಲಿ ಒಂದು ಚರ್ಚಿನ ಇಡೀ ಮುಂಭಾಗವೇ ಇವುಗಳಿಂದ ಹೊದೆದಿದೆ. ಆ ಚಿತ್ರಗಳನ್ನು ನೋಡಿದ ಮೇಲೆಯೇ ನನಗೆ ಆಸೆ ಹುಟ್ಟಿದ್ದು. ಮೊದಲು ತುಳಸಿಕಟ್ಟೆಯ ಸುತ್ತ ಹಾಕಿಸಬೇಕೆಂದಿದ್ದೆ; ಕೆಲಸಕ್ಕೆ ಬಂದ ಗಾರೆ ಮೇಸ್ತ್ರಿ ಒಂದು ಬಿಲ್ಲೆಯನ್ನು ಬಕೆಟ್ಟಿನ ನೀರಿಗೆ ಹಾಕಿ, ಬುಳುಬುಳು ಗುಳ್ಳೆ ಏಳುವುದನ್ನು ತೋರಿಸಿ, “ಅಮ್ಮಾ, ಇದು ನೀರು ಕುಡಿಯೋ ಜಾತಿ, ಮಳೆಗೆ ಒಡ್ಡಬೇಡಿ” ಎಂದರು. ಅವರು ಮೆಕ್ಸಿಕೋದ ಹೆಸರು ಕೇಳಿದವರಲ್ಲ, ಆದರೆ ಮಣ್ಣು ಬಲ್ಲವರು. ಅವರ ಮಾತಿನಂತೆ ಒಳಗೆ, ಕೈ ತೊಳೆಯುವ ಸಿಂಕಿನ ಹಿಂದಿನ ಗೋಡೆಗೆ ಹಾಕಿಸಿದೆ. ಬಿಲ್ಲೆಗಳು ಒಂದೊಂದೂ ಒಂದೊಂದು ಅಳತೆ. ಒಂದಕ್ಕೂ ಇನ್ನೊಂದಕ್ಕೂ ಎರಡು ಮಿಲಿಮೀಟರಿನವರೆಗೆ ವ್ಯತ್ಯಾಸವಿತ್ತು, ಕೆಲವು ನಡುವೆ ತುಸು ಉಬ್ಬಿದ್ದವು. ಕಾರ್ಖಾನೆ ಟೈಲ್ಸ್‌ನಂತೆ ಸಂದು ಕಾಣದ ಹಾಗೆ ಕೂರಿಸಲು ಸಾಧ್ಯವೇ ಇಲ್ಲ. ಮೇಸ್ತ್ರಿಯವರು ಸಂದನ್ನು ಅಗಲ ಮಾಡಿ, ಎಲ್ಲವನ್ನೂ ಮೊದಲು ನೀರಿನಲ್ಲಿ ನೆನೆಸಿ, ಇಡೀ ಒಂದು ದಿನ ತೆಗೆದುಕೊಂಡು ಕೂರಿಸಿದರು. ಮೂವತ್ತರಲ್ಲಿ ಎರಡು ಸಾಗಣೆಯಲ್ಲೇ ಒಡೆದಿದ್ದವು, ಮೂಲೆಗೆ ಕತ್ತರಿಸುವಾಗ ಮತ್ತೊಂದು ಹೋಯಿತು. ಕೊಳ್ಳುವವರು ಬೇಕಾದ ಲೆಕ್ಕಕ್ಕಿಂತ ನೂರಕ್ಕೆ ಹದಿನೈದರಷ್ಟು ಹೆಚ್ಚು ತರಿಸಿಕೊಳ್ಳುವುದು ಒಳಿತು. ಸಂಜೆ ದೀಪ ಹಚ್ಚಿದಾಗ ಆ ಗೋಡೆಯ ಮೇಲೆ ಬೆಳಕು ಒಂದೇ ಸಮನಾಗಿ ಬೀಳದೆ ಬಿಲ್ಲೆಯಿಂದ ಬಿಲ್ಲೆಗೆ ತುಳುಕುತ್ತದೆ. ಉಬ್ಬುತಗ್ಗಿನ ಆ ‘ದೋಷ’ದಿಂದಲೇ ಬಂದ ಸೊಗಸು ಅದು.

ಕರಿ ಹೂದಾನಿಯಂತೂ ತಲವೇರಾದ ನೆಂಟನೂ ಅಲ್ಲ. ಅದು ವಹಾಕಾ ರಾಜ್ಯದ ಸಾನ್ ಬಾರ್ತೊಲೊ ಕೊಯೊತೆಪೆಕ್ ಎಂಬ ಊರಿನ ಕಸುಬು, ಸ್ಪ್ಯಾನಿಷ್‌ನಲ್ಲಿ ‘ಬಾರ್ರೊ ನೆಗ್ರೊ’, ಎಂದರೆ ಕರಿಮಣ್ಣು. ಸ್ಪೇನಿನವರು ಬರುವ ಎಷ್ಟೋ ಮೊದಲಿನಿಂದ ಬಂದ ವಿದ್ಯೆ. ಇದಕ್ಕೆ ಬಣ್ಣವೂ ಇಲ್ಲ, ಗ್ಲೇಜೂ ಇಲ್ಲ. ಸುಡುವಾಗ ಗೂಡಿಗೆ ಗಾಳಿ ಹೋಗದಂತೆ ಮುಚ್ಚುವುದರಿಂದ ಮಣ್ಣು ಕಪ್ಪಾಗುತ್ತದೆ. ಆವಿಗೆಯ ಬಾಯಿ ಮುಚ್ಚಿ ಹೊಗೆ ಕೂರಿಸಿ ಕರಿಮಡಕೆ ಮಾಡುವುದು ನಮ್ಮ ಕುಂಬಾರರಿಗೂ ಗೊತ್ತಿರುವ ಕೆಲಸ. ಹೊಳಪಿನ ಕಥೆ ಮಾತ್ರ ಇತ್ತೀಚಿನದು. ದೋನ್ಯಾ ರೋಸಾ ಎಂದು ಹೆಸರಾದ ರೋಸಾ ರೆಯಾಲ್ 1950ರ ದಶಕದಲ್ಲಿ, ಅರೆ ಆರಿದ ಪಾತ್ರೆಯ ಮೈಯನ್ನು ಬೆಣಚುಕಲ್ಲಿನಿಂದ ಉಜ್ಜಿ ಕಡಿಮೆ ಶಾಖದಲ್ಲಿ ಸುಟ್ಟರೆ ಕನ್ನಡಿಯಂಥ ಕರಿ ಮೆರುಗು ಬರುತ್ತದೆಂದು ಕಂಡುಕೊಂಡರು. ಅದರಿಂದ ಊರಿನ ಕಸುಬಿಗೆ ಹೊಸ ಜೀವ ಬಂತು, ಆದರೆ ಹೊಳೆಯುವ ಪಾತ್ರೆ ಹಿಂದಿನ ಬೂದು ಪಾತ್ರೆಯಷ್ಟು ಗಟ್ಟಿಯಲ್ಲ, ನೀರನ್ನೂ ಹಿಡಿದಿಡುವುದಿಲ್ಲ. ನನಗೆ ಇದನ್ನು ಯಾರೂ ಹೇಳಲಿಲ್ಲ. ದೀಪಾವಳಿಯಲ್ಲಿ ನೀರು ತುಂಬಿ ಚೆಂಡು ಹೂವಿನ ಗೊಂಚಲನ್ನಿಟ್ಟೆ. ಚೆಂಡು ಹೂ ಮೂಲದಲ್ಲಿ ಮೆಕ್ಸಿಕೋದ್ದೇ, ಅಲ್ಲಿಯವರು ನವೆಂಬರ್ ಮೊದಲಲ್ಲಿ ತೀರಿಕೊಂಡ ಹಿರಿಯರನ್ನು ನೆನೆಯುವ ಹಬ್ಬಕ್ಕೆ ಅದರಿಂದಲೇ ಮನೆ ತುಂಬುತ್ತಾರೆ ಎಂದು ಓದಿ ಆ ಜೋಡಿಯೇ ಚೆಂದವೆಂದುಕೊಂಡಿದ್ದೆ. ಬೆಳಗಾಗುವಷ್ಟರಲ್ಲಿ ತೇಗದ ಮೇಜಿನ ಮೇಲೆ ಒದ್ದೆಯ ವೃತ್ತ ಮೂಡಿತ್ತು, ಹೂದಾನಿಯ ಬುಡದ ಹೊಳಪು ಮಂಕಾಗಿತ್ತು. ಈಗ ಅದರಲ್ಲಿ ಒಣ ಹುಲ್ಲಿನ ತೆನೆಗಳಿವೆ, ಅದಕ್ಕೆ ಒಪ್ಪುವುದೂ ಅದೇ.

ಊಟದ ವಿಚಾರವನ್ನು ಒತ್ತಿ ಹೇಳಬೇಕು. ಗೌರಿ ಹಬ್ಬದ ದಿನ ನಮ್ಮ ಅತ್ತೆಯವರು ಗೋಡೆಯ ತಟ್ಟೆಯನ್ನು ಇಳಿಸಿ ತೊಳೆದು, ನಿಂಬೆಹುಳಿ ಹಿಂಡಿದ ಕೋಸಂಬರಿಯನ್ನು ಅದರಲ್ಲಿ ಬಡಿಸಲು ಹೊರಟಾಗ ತಡೆದೆ. ಸಾಂಪ್ರದಾಯಿಕ ಗ್ಲೇಜಿನಲ್ಲಿ ಸೀಸವಿರುತ್ತದೆ, ಸರಿಯಾಗಿ ಸುಡದೆ ಇದ್ದರೆ ಹುಳಿಯ ಪದಾರ್ಥ ಆ ಸೀಸವನ್ನು ಎಳೆದುಕೊಳ್ಳುತ್ತದೆ, ಮತ್ತು ಸೀಸ ಮಕ್ಕಳ ಮಿದುಳಿಗೂ ಗರ್ಭಿಣಿಯರಿಗೂ ಅಪಾಯಕಾರಿ. ಮೆಕ್ಸಿಕೋದಲ್ಲಿ ಇದಕ್ಕೆ ಮಿತಿ ಹಾಕುವ ನಿಯಮಗಳಿವೆ, ಸೀಸವಿಲ್ಲದ ಗ್ಲೇಜು ಬಳಸುವ ಕಾರ್ಖಾನೆಗಳೂ ಇವೆ. ಆದರೆ ಸಾರು, ಮಜ್ಜಿಗೆ, ಹುಣಸೆ, ಉಪ್ಪಿನಕಾಯಿ ಇಲ್ಲದೆ ಊಟವೇ ಆಗದ ನಮ್ಮ ಮನೆಗಳಲ್ಲಿ, ಸೀಸವಿಲ್ಲವೆಂಬ ಲಿಖಿತ ಪ್ರಮಾಣಪತ್ರ ಕೈಗೆ ಬರುವ ತನಕ ಇವನ್ನು ಅಲಂಕಾರದ ವಸ್ತುಗಳೆಂದೇ ಇಟ್ಟುಕೊಳ್ಳಬೇಕು. ಅತ್ತೆಯವರಿಗೆ ಮೊದಲು ಬೇಸರವಾಯಿತು; ಕಾರಣ ತಿಳಿಸಿದ ಮೇಲೆ ಅವರೇ ತಟ್ಟೆಯನ್ನು ಒರೆಸಿ ಮತ್ತೆ ಮೊಳೆಗೆ ತೂಗುಹಾಕಿದರು.

ಬೆಲೆಗೆ ಬಂದರೆ ತಟ್ಟೆಗೆ 11,500 ರೂಪಾಯಿ, ಜಾಡಿಗೆ 9,000, ಟೈಲ್ಸ್ ಒಂದಕ್ಕೆ 280, ಕುಂಡಕ್ಕೆ 6,200, ಕರಿ ಹೂದಾನಿಗೆ 4,800 ಕೊಟ್ಟೆ. ಸಾಗಣೆಯ ಖರ್ಚೂ ಸುಂಕವೂ ಇದರಲ್ಲೇ ಸೇರಿವೆ. ತಟ್ಟೆಗೂ ಜಾಡಿಗೂ ಕೊಟ್ಟ ಹಣದ ಬಗ್ಗೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ತಿಂಗಳುಗಳ ಕೆಲಸಕ್ಕೆ, ಅಳಿಸಲಾಗದ ಗೆರೆಯನ್ನು ಎಳೆಯುವ ಕೈಗೆ ಅದು ಸಲ್ಲಬೇಕಾದ ಬೆಲೆ. ಕರಿ ಹೂದಾನಿಯೂ ತನ್ನ ಬೆಲೆಗೆ ತಕ್ಕದ್ದೇ, ಸರಿಯಾದ ಹೆಸರು ಮತ್ತು ಸರಿಯಾದ ಬಳಕೆಯನ್ನು ಹೇಳಿ ಮಾರಿದ್ದರೆ ಸಾಕಿತ್ತು. ಕುಂಡಕ್ಕೆ ಅರ್ಧ ಬೆಲೆಯೂ ಹೆಚ್ಚೇ. ಕಟ್ಟಿ ಕಳಿಸಿದ ಬಗೆಯನ್ನು ಮಾತ್ರ ಮೆಚ್ಚಬೇಕು: ಟೈಲ್ಸ್ ಬಿಟ್ಟರೆ ಉಳಿದದ್ದೆಲ್ಲ ಎರಡು ಪೆಟ್ಟಿಗೆಗಳ ನಡುವೆ ಹುಲ್ಲು ಮತ್ತು ಕಾಗದ ತುರುಕಿ, ಗೀರೂ ಬೀಳದಂತೆ ಬಂದಿತ್ತು. ತಟ್ಟೆಗೆ ತೂಗುಹಾಕಲು ಕೊಟ್ಟಿದ್ದ ತೆಳು ತಂತಿಯನ್ನು ನಾನು ನಂಬಲಿಲ್ಲ, ದಪ್ಪ ಹಿತ್ತಾಳೆ ಕೊಂಡಿ ಹಾಕಿಸಿದೆ. ಮಳೆಗಾಲದಲ್ಲಿ ಗೋಡೆ ಬೆವರುವ ಮನೆಗಳಲ್ಲಿ ತಟ್ಟೆಯ ಹಿಂದೆ ಗಾಳಿಯಾಡುವಂತೆ ಎರಡು ಕಾರ್ಕಿನ ಚೂರುಗಳನ್ನು ಅಂಟಿಸಿದರೆ ಬೂಷ್ಟು ಹಿಡಿಯುವುದಿಲ್ಲ. ಒರೆಸಲು ಮೆದುವಾದ ಒದ್ದೆ ಬಟ್ಟೆ ಸಾಕು, ಹುಣಸೆಹುಳಿ ಅಥವಾ ಉಜ್ಜುವ ನಾರನ್ನು ಹತ್ತಿರ ತರಬಾರದು.

ಸಕಲೇಶಪುರದಲ್ಲಿ ನನ್ನ ತಂಗಿ ಕಟ್ಟಿಸುತ್ತಿರುವ ಮನೆಯ ಗೃಹಪ್ರವೇಶಕ್ಕೆ ನೀಲಿ-ಬಿಳಿಯ ಒಂದು ಚಿಕ್ಕ ತಟ್ಟೆಯನ್ನು ಕೊಡಬೇಕೆಂದಿದ್ದೇನೆ. ಈ ಸಲ ಹಣ ಕೊಡುವ ಮೊದಲೇ ತಳದ ಫೋಟೋ ಕಳಿಸಿ ಎಂದು ಬೇರೊಬ್ಬ ವ್ಯಾಪಾರಿಗೆ ಬರೆದಿದ್ದೆ. ನಿನ್ನೆ ಅದು ಬಂತು. ಕಾರ್ಖಾನೆಯ ಗುರುತು, ಪ್ವೆಬ್ಲಾ ಎಂಬ ಹೆಸರು, ಸಂಖ್ಯೆ ಮತ್ತು ನನ್ನ ತಟ್ಟೆಯಲ್ಲಿರುವುದಕ್ಕಿಂತ ಬೇರೆಯೇ ಕೈಯ ಎರಡಕ್ಷರ, ಎಲ್ಲವೂ ಸ್ಪಷ್ಟವಾಗಿವೆ.